ವಿಮಾನದ ಕ್ಯಾಬಿನ್ನಿನ ಆರಾಮ ಮತ್ತು ಸೇವೆ: ಪ್ರಯಾಣಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊಣಕಾಲು ಮುಂದಿನ ಸೀಟಿಗೆ ಒತ್ತಿ ನೋವಾದದ್ದು, ಇಳಿಯುವ ಹೊತ್ತಿಗೆ ಕಿವಿ ಅಡೆದದ್ದು, ಊಟ ಸಪ್ಪೆ ಎನಿಸಿದ್ದು, ಗುಂಡಿ ಒತ್ತಿದರೂ ಯಾರೂ ಬಾರದಿದ್ದುದು: ವಿಮಾನದಿಂದ ಇಳಿದವರು ಹೇಳಿಕೊಳ್ಳುವ ಮಾತುಗಳು ಹೆಚ್ಚೂಕಡಿಮೆ ಇವೇ. ಇವುಗಳ ಹಿಂದಿನ ಕಾರಣ ತಿಳಿದಿದ್ದರೆ ಅರ್ಧದಷ್ಟು ತೊಂದರೆಯನ್ನು ಟಿಕೆಟ್ ಕಾಯ್ದಿರಿಸುವಾಗಲೇ ತಪ್ಪಿಸಿಕೊಳ್ಳಬಹುದು, ಉಳಿದದ್ದರಲ್ಲಿ ಯಾವುದಕ್ಕೆ ಯಾರನ್ನು ಕೇಳಬೇಕು ಎಂಬುದೂ ಸ್ಪಷ್ಟವಾಗುತ್ತದೆ. ಆ ಉದ್ದೇಶದಿಂದ ಈ ಉತ್ತರಗಳನ್ನು ಬರೆದಿದ್ದೇನೆ.

ಒಂದೇ ಸಂಸ್ಥೆಯನ್ನು ಒಬ್ಬರು ಹೊಗಳುತ್ತಾರೆ, ಇನ್ನೊಬ್ಬರು ತೆಗಳುತ್ತಾರೆ. ಯಾರ ಮಾತನ್ನು ನಂಬಬೇಕು?

ಇಬ್ಬರ ಮಾತೂ ನಿಜವಿರಬಹುದು. ಕ್ಯಾಬಿನ್ನಿನಲ್ಲಿ ನಮಗಾಗುವ ಅನುಭವ ಮೂರು ಕಡೆಯಿಂದ ಬರುತ್ತದೆ. ಗಾಳಿಯ ಒತ್ತಡ, ಒಣಹವೆ, ಎಂಜಿನ್ನಿನ ಸದ್ದು ಇವು ಎತ್ತರದಲ್ಲಿ ಹಾರುವ ಯಂತ್ರದ ಗುಣಗಳು. ಎಷ್ಟು ಸಾಲು ಸೀಟು ಹಾಕಬೇಕು, ಊಟ ಕೊಡಬೇಕೇ ಮಾರಬೇಕೇ, ನಿಯಮ ಹೇಳುವುದಕ್ಕಿಂತ ಹೆಚ್ಚು ಸಿಬ್ಬಂದಿಯನ್ನು ಕಳಿಸಬೇಕೇ ಎಂಬುವು ಸಂಸ್ಥೆಯ ತೀರ್ಮಾನಗಳು. ಅದೆಲ್ಲದರ ಮೇಲೆ, ಅಂದಿನ ದಿನ ಆ ನಡುದಾರಿಯಲ್ಲಿ ಓಡಾಡಿದ ನಾಲ್ಕಾರು ಜನರ ನಡವಳಿಕೆ ಮೂರನೆಯದು. ಬೇರೆಯವರ ಅನುಭವವನ್ನು ಓದುವಾಗ ಈ ಮೂರನ್ನೂ ಬಿಡಿಸಿ ನೋಡಿದರೆ ಎಷ್ಟೋ ಗೊಂದಲ ಕರಗುತ್ತದೆ. ಒಂದೇ ಸಂಸ್ಥೆಯ ಬಳಿ ಬೇರೆ ಬೇರೆ ವರ್ಷದ, ಬೇರೆ ಬೇರೆ ಸೀಟಿನ ವಿಮಾನಗಳಿರುತ್ತವೆ. ಹಾಗಾಗಿ ವಿಮಾನದ ಮಾದರಿ, ಸೀಟಿನ ಸಂಖ್ಯೆ ಮತ್ತು ಪ್ರಯಾಣದ ಅವಧಿಯನ್ನು ಹೇಳದೆ ಬರೀ ‘ಚೆನ್ನಾಗಿತ್ತು’, ‘ಕೆಟ್ಟದಾಗಿತ್ತು’ ಎಂದವರ ಮಾತಿನಿಂದ ಮುಂದಿನ ಪ್ರಯಾಣಿಕರಿಗೆ ಹೆಚ್ಚಿನ ಪ್ರಯೋಜನವಿಲ್ಲ.

‘ಸೀಟ್ ಪಿಚ್’ ಎಂದರೆ ಕಾಲು ಚಾಚಲು ಇರುವ ಜಾಗವೇ?

ಪೂರ್ತಿಯಾಗಿ ಅಲ್ಲ. ಒಂದು ಸೀಟಿನ ಯಾವುದಾದರೂ ಒಂದು ಬಿಂದುವಿನಿಂದ ಅದರ ಮುಂದಿನ ಸೀಟಿನ ಅದೇ ಬಿಂದುವಿನವರೆಗಿನ ಅಂತರವೇ ಪಿಚ್. ಸೀಟಿನ ಬೆನ್ನಿನ ದಪ್ಪವೂ ಆ ಲೆಕ್ಕದಲ್ಲಿಯೇ ಸೇರಿರುತ್ತದೆ. ಎಕಾನಮಿ ವರ್ಗದಲ್ಲಿ ಇದು ಸಾಮಾನ್ಯವಾಗಿ 28ರಿಂದ 34 ಇಂಚಿನ ನಡುವೆ ಇರುತ್ತದೆ. ಈಗ ಬಳಕೆಗೆ ಬಂದಿರುವ ತೆಳು ಬೆನ್ನಿನ ಸೀಟುಗಳಲ್ಲಿ 29 ಇಂಚಿನ ಪಿಚ್ ಇದ್ದರೂ ಮೊಣಕಾಲಿಗೆ ಹಳೆಯ ದಪ್ಪ ಸೀಟಿನ 30 ಇಂಚಿನಷ್ಟೇ ಜಾಗ ಸಿಗಬಹುದು. ಆದರೆ ಮೆತ್ತೆ ತೆಳುವಾದ ಕಾರಣ ನಾಲ್ಕನೇ ಗಂಟೆಯ ಹೊತ್ತಿಗೆ ಸೊಂಟ ಅದನ್ನು ನೆನಪಿಸುತ್ತದೆ.

ಪಿಚ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಅಗಲದ ಬಗ್ಗೆ ಕೇಳುವವರು ಕಡಿಮೆ. ನನ್ನ ಮಟ್ಟಿಗೆ ದೂರದ ಪ್ರಯಾಣದಲ್ಲಿ ಅಗಲವೇ ಹೆಚ್ಚು ಮುಖ್ಯ, ಏಕೆಂದರೆ ಕಾಲನ್ನು ಹೇಗೋ ಓರೆ ಮಾಡಿಕೊಳ್ಳಬಹುದು, ಭುಜವನ್ನು ಮಡಿಸಿಡಲು ಆಗುವುದಿಲ್ಲ. ಏರ್‌ಬಸ್ ಎ320 ವಿಮಾನದ ಒಡಲು ಬೋಯಿಂಗ್ 737ರದಕ್ಕಿಂತ ತುಸು ಅಗಲವಿರುವುದರಿಂದ ಮೊದಲನೆಯದರಲ್ಲಿ ಸೀಟು ಸುಮಾರು 18 ಇಂಚು, ಎರಡನೆಯದರಲ್ಲಿ ಸುಮಾರು 17 ಇಂಚು ಬರುತ್ತದೆ. ಬೋಯಿಂಗ್ 787ರಲ್ಲಿ ಸಾಲಿಗೆ 8 ಸೀಟು ಹಾಕಿದರೆ ಕೂರುವವರಿಗೆ ಧಾರಾಳವಾಗಿರುತ್ತದೆ. ಬಹುತೇಕ ಸಂಸ್ಥೆಗಳು ಹಾಕಿರುವುದು 9. ಒಂದೇ ವಿಮಾನವನ್ನು ಇಬ್ಬರು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಲು ಆ ಒಂದು ಸೀಟು ಸಾಕು.

ಹಾಗಾದರೆ ಯಾವ ಸೀಟು ಒಳ್ಳೆಯದು?

ನಿಮಗೆ ಯಾವ ತೊಂದರೆ ಹೆಚ್ಚು ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು. ಕುಲುಕಾಟ ಸಹಿಸದವರಿಗೆ ರೆಕ್ಕೆಯ ಮೇಲಿನ ಸಾಲುಗಳು ಸರಿ. ವಿಮಾನದ ತೂಕದ ಕೇಂದ್ರ ಅಲ್ಲಿಗೆ ಹತ್ತಿರವಿರುವುದರಿಂದ ಏರಿಳಿತ ಅಲ್ಲಿ ಕಡಿಮೆ, ಬಾಲದ ಕಡೆ ಹೆಚ್ಚು. ಸದ್ದು ಬೇಡವೆನ್ನುವವರು, ಎಂಜಿನ್ ರೆಕ್ಕೆಯ ಕೆಳಗಿರುವ ವಿಮಾನವಾದರೆ, ರೆಕ್ಕೆಗಿಂತ ಮುಂದೆ ಕೂರುವುದು ಒಳ್ಳೆಯದು. ಪದೇ ಪದೇ ಎದ್ದು ಓಡಾಡಬೇಕಾದವರು ನಡುದಾರಿಯ ಪಕ್ಕದ ಸೀಟನ್ನೂ, ನಿದ್ದೆ ಮಾಡುವವರು ಕಿಟಕಿಯ ಪಕ್ಕವನ್ನೂ ಆರಿಸಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಗೊತ್ತಿಲ್ಲದೆ ಮೋಸಹೋಗುವುದು ಎರಡು ಕಡೆ. ತಡೆಗೋಡೆಯ ಎದುರಿನ ಮೊದಲ ಸಾಲಿನಲ್ಲಿ ಮುಂದೆ ಯಾರೂ ಸೀಟು ಒರಗಿಸುವುದಿಲ್ಲ ನಿಜ, ಆದರೆ ಅಲ್ಲಿ ಕೈಚೀಲವನ್ನು ಕಾಲ ಬಳಿ ಇಟ್ಟುಕೊಳ್ಳಲು ಬಿಡುವುದಿಲ್ಲ. ಟ್ರೇಯನ್ನು ತೋಳಿನ ಆಸರೆಯೊಳಗೆ ಅಡಗಿಸಿರುವುದರಿಂದ ಸೀಟಿನ ಅಗಲವೂ ತುಸು ತಗ್ಗಿರುತ್ತದೆ. ಹಸುಗೂಸಿನ ತೊಟ್ಟಿಲು ಕಟ್ಟುವುದೂ ಅದೇ ಗೋಡೆಗೆ. ತುರ್ತು ಬಾಗಿಲಿನ ಸಾಲಿನಲ್ಲಿ ಕಾಲಿಗೆ ಧಾರಾಳ ಜಾಗವಿದೆ, ಆದರೆ ಅಂಥ ಎರಡು ಸಾಲುಗಳು ಒಂದರ ಹಿಂದೊಂದು ಇದ್ದರೆ ಮುಂದಿನ ಸಾಲಿನ ಸೀಟು ಸಾಮಾನ್ಯವಾಗಿ ಹಿಂದಕ್ಕೆ ಒರಗುವುದಿಲ್ಲ. ಅಲ್ಲಿ ಕೂರುವವರು ಅಗತ್ಯ ಬಿದ್ದಾಗ ಬಾಗಿಲು ತೆರೆದು ನೆರವಾಗಬಲ್ಲವರೂ ಅದಕ್ಕೆ ಒಪ್ಪಿದವರೂ ಆಗಿರಬೇಕು.

ಇನ್ನೊಂದು ಮಾತು. ನಡುದಾರಿಯ ಕಡೆಯ ತೋಳಾಸರೆ ಮೇಲಕ್ಕೆ ಏಳುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ಎಷ್ಟೋ ವಿಮಾನಗಳಲ್ಲಿ ಅದರ ಅಡಿಭಾಗದಲ್ಲಿ, ಕೀಲಿನ ಹತ್ತಿರ, ಬೆರಳ ತುದಿಗೆ ಸಿಗುವ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದು ಎತ್ತಿದರೆ ತೋಳಾಸರೆ ಬೆನ್ನಿನ ಮಟ್ಟಕ್ಕೆ ಏಳುತ್ತದೆ. ಮಂಡಿನೋವಿರುವ ಹಿರಿಯರು ಸೀಟಿನಿಂದ ಏಳುವಾಗ ಇದೊಂದು ದೊಡ್ಡ ಉಪಕಾರ.

ಸೀಟನ್ನು ಹಿಂದಕ್ಕೆ ಒರಗಿಸುವುದು ತಪ್ಪೇ?

ತಪ್ಪಲ್ಲ, ಒರಗುವ ಸೀಟು ಕೊಟ್ಟಿರುವುದೇ ಒರಗಲೆಂದು. ಆದರೆ ಊಟದ ಹೊತ್ತಿನಲ್ಲಿ ಸೀಟನ್ನು ನೇರವಾಗಿಡುವುದು, ಒರಗಿಸುವ ಮೊದಲು ಒಮ್ಮೆ ಹಿಂದಕ್ಕೆ ತಿರುಗಿ ನೋಡುವುದು, ಒಮ್ಮೆಲೇ ಧಡಕ್ಕನೆ ತಳ್ಳದೆ ನಿಧಾನವಾಗಿ ಒರಗಿಸುವುದು ಇಷ್ಟನ್ನು ನಾವು ಪಾಲಿಸಿದರೆ ಜಗಳಕ್ಕೆ ಕಾರಣವೇ ಇರುವುದಿಲ್ಲ. ಹಿಂದೆ ಕೂತವರ ಲ್ಯಾಪ್‌ಟಾಪ್ ಪರದೆ ಟ್ರೇಗೂ ಸೀಟಿಗೂ ನಡುವೆ ಸಿಕ್ಕಿಕೊಂಡು ಮುರಿಯುವುದು ಸುಳ್ಳಲ್ಲ.

ಪ್ರಯಾಣದ ನಂತರ ತಲೆ ಭಾರ, ಗಂಟಲು ಒಣಗುವುದು, ಹೊಟ್ಟೆ ಉಬ್ಬರ ಏಕೆ?

ಮೂರಕ್ಕೂ ಬೇರೆ ಬೇರೆ ಕಾರಣಗಳಿವೆ. ವಿಮಾನ 11-12 ಕಿಲೋಮೀಟರ್ ಎತ್ತರದಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿಯನ್ನು ಒತ್ತಡದಲ್ಲಿ ಇಟ್ಟಿರುತ್ತಾರೆ. ಆ ಒತ್ತಡ ನೆಲದ ಮಟ್ಟದ್ದಲ್ಲ. ಸಾಮಾನ್ಯ ಹಾರಾಟದಲ್ಲಿ ಅದು 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕಿಂತ ಕಡಿಮೆಯಾಗಬಾರದು ಎಂಬುದು ವಿಮಾನ ನಿರ್ಮಾಣದ ನಿಯಮ. ಅಂದರೆ ಕೂತಲ್ಲೇ ನಾವು ಅರ್ಧ ತಾಸಿನೊಳಗೆ ಒಂದು ಬೆಟ್ಟ ಹತ್ತಿದಂತಾಯಿತು. ರಕ್ತದಲ್ಲಿನ ಆಮ್ಲಜನಕ ಕೆಲವು ಅಂಶ ಇಳಿಯುತ್ತದೆ, ಆರೋಗ್ಯವಂತರಿಗೆ ಅದರಿಂದ ಅಪಾಯವಿಲ್ಲ. ಆದರೆ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 7,000ದಿಂದ 8,000 ಅಡಿಗೆ ಸಮನಾದ ಒತ್ತಡದಲ್ಲಿ 3ರಿಂದ 9 ಗಂಟೆ ಕಳೆದವರಲ್ಲಿ ಅಸ್ವಸ್ಥತೆಯ ದೂರು ಹೆಚ್ಚಾದದ್ದು ಕಂಡುಬಂದಿದೆ. ಸಣ್ಣ ಪ್ರಯಾಣದಲ್ಲಿ ಏನೂ ಅನ್ನಿಸದವರಿಗೆ ದೂರದ ಪ್ರಯಾಣದಲ್ಲಿ ಸುಸ್ತಾಗುವುದು ಇದೇ ಕಾರಣಕ್ಕೆ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು.

ಒತ್ತಡ ಕಡಿಮೆಯಾದಾಗ ಮುಚ್ಚಿದ ಜಾಗದ ಗಾಳಿ ಹಿಗ್ಗುತ್ತದೆ, ನೆಲದ ಮಟ್ಟಕ್ಕಿಂತ ಸುಮಾರು ಮೂರನೇ ಒಂದು ಭಾಗದಷ್ಟು. ತಿಂಡಿಯ ಪೊಟ್ಟಣ ಬಲೂನಿನಂತೆ ಊದಿಕೊಳ್ಳುವುದನ್ನು ನೋಡಿದ್ದರೆ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಊಹಿಸಬಹುದು. ಸೊಂಟ ಬಿಗಿಯುವ ಉಡುಪು, ಸೋಡಾ ಪಾನೀಯಗಳು ಆ ದಿನ ಬೇಡ.

ಗಂಟಲು ಒಣಗುವುದಕ್ಕೆ ಕಾರಣ ತೇವಾಂಶ. ಅಷ್ಟು ಎತ್ತರದ ಹೊರಗಾಳಿಯಲ್ಲಿ ನೀರಿನ ಅಂಶ ಇಲ್ಲವೆಂದೇ ಹೇಳಬಹುದು; ಅದನ್ನೇ ಒಳಗೆ ತಂದು ಹದಗೊಳಿಸುವುದರಿಂದ ಕ್ಯಾಬಿನ್ನಿನ ತೇವಾಂಶ ಸಾಮಾನ್ಯವಾಗಿ ಶೇಕಡಾ 10ರಿಂದ 20ರಷ್ಟೇ ಇರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಬಳಸುವವರು ದೂರದ ಪ್ರಯಾಣದಲ್ಲಿ ಕನ್ನಡಕ ಹಾಕಿಕೊಳ್ಳುವುದು ಮೇಲು. 2011ರಲ್ಲಿ ಸೇವೆಗೆ ಬಂದ ಬೋಯಿಂಗ್ 787 ಮತ್ತು 2015ರಲ್ಲಿ ಬಂದ ಏರ್‌ಬಸ್ ಎ350 ವಿಮಾನಗಳ ಒಡಲನ್ನು ಬಹುಪಾಲು ಇಂಗಾಲದ ನಾರಿನ ಸಂಯುಕ್ತದಿಂದ ಮಾಡಿರುವುದರಿಂದ ಹೆಚ್ಚಿನ ಒತ್ತಡವನ್ನೂ ತೇವವನ್ನೂ ಅವು ತಾಳುತ್ತವೆ. ಅಲ್ಲಿ ಒಳಗಿನ ಒತ್ತಡ ಸುಮಾರು 6,000 ಅಡಿಯ ಮಟ್ಟದಲ್ಲಿರುತ್ತದೆ. ದರ ಹತ್ತಿರ ಹತ್ತಿರವಿದ್ದರೆ, ಎಂಟು ಹತ್ತು ಗಂಟೆಗಳ ಪ್ರಯಾಣಕ್ಕೆ ನಾನು ಸಂಸ್ಥೆಯ ಹೆಸರಿಗಿಂತ ಮೊದಲು ವಿಮಾನದ ಮಾದರಿಯನ್ನು ನೋಡುತ್ತೇನೆ.

ಪಕ್ಕದವರು ಕೆಮ್ಮುತ್ತಿದ್ದರೆ ಅದೇ ಗಾಳಿ ಎಲ್ಲರಿಗೂ ಸುತ್ತುತ್ತದೆಯೇ?

ಈ ಭಯ ಇರುವಷ್ಟು ಆಧಾರ ಅದಕ್ಕಿಲ್ಲ. ಕ್ಯಾಬಿನ್ನಿಗೆ ಬರುವ ಗಾಳಿಯಲ್ಲಿ ಸುಮಾರು ಅರ್ಧ ಹೊರಗಿನದು, ಉಳಿದರ್ಧ ಹೆಪಾ ಶೋಧಕದ ಮೂಲಕ ಹಾದುಬಂದದ್ದು. ಈ ಶೋಧಕಗಳು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯುತ್ತವೆ. ಒಳಗಿನ ಗಾಳಿ ಗಂಟೆಗೆ 20ರಿಂದ 30 ಬಾರಿ ಬದಲಾಗುತ್ತದೆ. ಅದು ಮೇಲಿನಿಂದ ಬಂದು ಅದೇ ಸಾಲಿನ ಆಸುಪಾಸಿನಲ್ಲಿ ನೆಲದ ಬಳಿ ಹೊರಹೋಗುತ್ತದೆಯೇ ಹೊರತು ಮುಂದಿನಿಂದ ಹಿಂದಕ್ಕೆ ಹರಿಯುವುದಿಲ್ಲ. ಹಾಗಿದ್ದರೂ ಪಕ್ಕದಲ್ಲೇ ಕೂತವರ ಕೆಮ್ಮು ಶೋಧಕಕ್ಕೆ ಮೊದಲು ನಮ್ಮನ್ನು ಮುಟ್ಟುತ್ತದೆ ಎಂಬುದನ್ನು ಮರೆಯಬಾರದು. ಮಾಸ್ಕ್ ಧರಿಸಿ, ತಲೆಯ ಮೇಲಿನ ಗಾಳಿಯ ತೂತನ್ನು ಮುಚ್ಚದೆ ತೆರೆದಿಡುವುದು ಒಳ್ಳೆಯದು.

ಇಳಿಯುವಾಗ ಕಿವಿನೋವು, ಮಕ್ಕಳ ಅಳು ತಪ್ಪಿಸಲು ಏನು ಮಾಡಬಹುದು?

ಮಧ್ಯಕಿವಿಯಿಂದ ಗಂಟಲಿಗೆ ಒಂದು ಸಣ್ಣ ನಾಳವಿದೆ. ವಿಮಾನ ಏರುವಾಗ ಒಳಗಿನ ಗಾಳಿ ಅದರ ಮೂಲಕ ತಾನಾಗಿ ಹೊರಬರುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚಾಗುತ್ತಿದ್ದಂತೆ ನಾಳ ಅಮುಕಿಕೊಂಡು ಸುಲಭವಾಗಿ ತೆರೆಯುವುದಿಲ್ಲ. ನುಂಗುವುದು, ಆಕಳಿಸುವುದು, ಏನನ್ನಾದರೂ ಅಗಿಯುವುದು ಆ ನಾಳವನ್ನು ತೆರೆಯುತ್ತದೆ. ನೆಗಡಿಯಿಂದ ಮೂಗು ಪೂರ್ತಿ ಕಟ್ಟಿದ್ದರೆ ನೋವು ಜೋರಾಗುತ್ತದೆ.

ನಿದ್ದೆಯಲ್ಲಿ ನಾವು ನುಂಗುವುದು ಕಡಿಮೆ. ಇದನ್ನು ನನಗೆ ಕಲಿಸಿದ್ದು ಒಬ್ಬ ಗಗನಸಖಿ. ರಾತ್ರಿಯ ಪ್ರಯಾಣವೊಂದರಲ್ಲಿ ಎದುರು ಬದಿಯ ಸಾಲಿನಲ್ಲಿ ತಾಯಿಯೊಬ್ಬರು ಕೂಸನ್ನು ಬಹಳ ಕಷ್ಟಪಟ್ಟು ಮಲಗಿಸಿದ್ದರು. ಇಳಿಯಲು ಇನ್ನೂ ಮುಕ್ಕಾಲು ಗಂಟೆ ಇದ್ದಾಗ ಆಕೆ ಬಂದು ನಡುದಾರಿಯಲ್ಲಿ ಮಂಡಿಯೂರಿ, ತಾಯಿಯ ಮುಖದ ಮಟ್ಟಕ್ಕೆ ತಗ್ಗಿ, ‘ಸ್ವಲ್ಪ ಹೊತ್ತಿನಲ್ಲಿ ಇಳಿಯಲು ಶುರು ಮಾಡುತ್ತೇವೆ ಅಮ್ಮಾ, ಮಗುವನ್ನು ಮೆಲ್ಲಗೆ ಎಬ್ಬಿಸಿ ಹಾಲು ಕುಡಿಸಿ, ಬಿಸಿ ನೀರು ತರಲೇ?’ ಎಂದು ಕೇಳಿದರು. ತಾಯಿಗೆ ಎಬ್ಬಿಸಲು ಮನಸ್ಸಿರಲಿಲ್ಲ, ಆದರೂ ಎಬ್ಬಿಸಿದರು. ಕೂಸು ಅರೆಗಣ್ಣಿನಲ್ಲಿ ಬಾಟಲಿ ಚೀಪುತ್ತಲೇ ನೆಲ ಮುಟ್ಟಿತು. ಸೇವೆ ಎಂಬ ಮಾತು ಕೇಳಿದಾಗ ನನ್ನ ಕಣ್ಣ ಮುಂದೆ ಬರುವುದು ಆ ಮಂಡಿಯೂರಿದ ನಿಲುವು.

ಎಂಜಿನ್ ಸದ್ದಿನಿಂದ ಆಯಾಸವಾಗುತ್ತದೆಯೇ?

ಆಗುತ್ತದೆ. ಹಾರಾಟದಲ್ಲಿ ಕ್ಯಾಬಿನ್ನಿನ ಸದ್ದು 80-85 ಡೆಸಿಬೆಲ್ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇರುತ್ತದೆ. ಕಿವಿ ಅದಕ್ಕೆ ಒಗ್ಗಿಕೊಂಡರೂ ಮೈ ದಣಿಯುತ್ತದೆ. ಸದ್ದು ಅಡಗಿಸುವ ಹೆಡ್‌ಫೋನ್ ಈ ಕೊರತೆಯಿಂದಲೇ ಹುಟ್ಟಿತು: ಎಂಜಿನಿಯರ್ ಅಮರ್ ಬೋಸ್ ಅವರು 1978ರಲ್ಲಿ ಜೂರಿಕ್‌ನಿಂದ ಹಿಂದಿರುಗುವಾಗ ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನ ಸಂಗೀತ ಎಂಜಿನ್ ಸದ್ದಿನಲ್ಲಿ ಮುಳುಗಿಹೋದದ್ದನ್ನು ಕಂಡು, ಕೂತಲ್ಲೇ ಅದರ ಲೆಕ್ಕಾಚಾರ ಆರಂಭಿಸಿದರು. ಅಷ್ಟು ಬೆಲೆಯದನ್ನು ಕೊಳ್ಳಲಾಗದಿದ್ದರೆ ಮೆತ್ತನೆಯ ಕಿವಿಬಿರಡೆಯೂ ಸಾಕಷ್ಟು ನೆಮ್ಮದಿ ಕೊಡುತ್ತದೆ.

ಊಟ ಏಕೆ ಸಪ್ಪೆ?

ಅಡುಗೆಯವರನ್ನು ಬೈಯುವ ಮೊದಲು ನಮ್ಮ ನಾಲಿಗೆಯನ್ನೇ ವಿಚಾರಿಸಬೇಕು. ಕಡಿಮೆ ಒತ್ತಡ ಮತ್ತು ಒಣಹವೆಯಲ್ಲಿ ಮೂಗಿನ ವಾಸನೆ ಹಿಡಿಯುವ ಶಕ್ತಿ ಕುಗ್ಗುತ್ತದೆ, ಉಪ್ಪು ಮತ್ತು ಸಿಹಿ ಮಂಕಾಗುತ್ತವೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ವಿಮಾನದ ಒಡಲಿನಂಥದೇ ಕೋಣೆಯಲ್ಲಿ ಒತ್ತಡ ಇಳಿಸಿ ಜನರಿಗೆ ಊಟ ಬಡಿಸಿ ಇದನ್ನು ಪರೀಕ್ಷಿಸಿದೆ. ಜೋರು ಸದ್ದಿನಲ್ಲಿ ಸಿಹಿ ತಗ್ಗಿ, ಟೊಮೆಟೊ, ಅಣಬೆಗಳಲ್ಲಿರುವ ಉಮಾಮಿ ರುಚಿ ಎದ್ದು ಕಾಣುತ್ತದೆ ಎಂದು 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ತೋರಿಸಿದರು. ನೆಲದ ಮೇಲೆ ಟೊಮೆಟೊ ರಸ ಮುಟ್ಟದವರೂ ವಿಮಾನದಲ್ಲಿ ಅದನ್ನು ಕೇಳಿ ಕುಡಿಯುವುದಕ್ಕೆ ಇದೊಂದು ವಿವರಣೆ.

ಜೊತೆಗೆ, ಆ ಊಟ ನೆಲದ ಮೇಲಿನ ಅಡುಗೆಮನೆಯಲ್ಲಿ ಗಂಟೆಗಳ ಮೊದಲೇ ಬೆಂದು, ತಣಿದು, ವಿಮಾನದ ಒಲೆಯಲ್ಲಿ ಮತ್ತೆ ಬಿಸಿಯಾದದ್ದು. ಸಾರು, ಗೊಜ್ಜು ಹೆಚ್ಚಿರುವ ಪದಾರ್ಥಗಳು ಈ ಎರಡನೇ ಬಿಸಿಯನ್ನು ತಾಳುತ್ತವೆ. ಒಣ ಪದಾರ್ಥಗಳು ತಾಳುವುದಿಲ್ಲ. ಚಹಾ ಕೂಡ ಕೈಕೊಡುತ್ತದೆ, ಏಕೆಂದರೆ 8,000 ಅಡಿಯ ಒತ್ತಡದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ಸೊಪ್ಪಿನ ಸತ್ವ ಸರಿಯಾಗಿ ಇಳಿಯುವುದಿಲ್ಲ. ಪಥ್ಯದ ಅಥವಾ ಸಸ್ಯಾಹಾರದ ಊಟ ಬೇಕಿದ್ದರೆ ಕನಿಷ್ಠ 24 ಗಂಟೆ ಮೊದಲೇ ತಿಳಿಸಿರಬೇಕು. ಕೆಲವು ಸಂಸ್ಥೆಗಳು ಇನ್ನೂ ಮುಂಚೆ ಕೇಳುತ್ತವೆ. ಇಷ್ಟೆಲ್ಲ ಹೇಳಿದ ಮೇಲೂ, ಅರೆಬಿಸಿಯಾದ ಊಟಕ್ಕೋ ಮುಗಿದುಹೋದ ಆಯ್ಕೆಗೋ ಎತ್ತರದ ನೆಪ ಹೇಳುವಂತಿಲ್ಲ. ಅದು ಸಂಸ್ಥೆಯ ಹೊಣೆಯೇ.

ಕಾಲು ಊದಿಕೊಳ್ಳುವುದು ಅಪಾಯವೇ?

ಪಾದದಲ್ಲಿ ಸ್ವಲ್ಪ ಬಾವು, ಜೋಮು ಸಾಮಾನ್ಯ. ಗಮನಿಸಬೇಕಾದದ್ದು ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದನ್ನು. ನಾಲ್ಕು ಗಂಟೆ ಅಥವಾ ಹೆಚ್ಚು ಹೊತ್ತು ಕದಲದೆ ಕೂತು ಪ್ರಯಾಣ ಮಾಡಿದರೆ ಈ ಸಂಭವ ಸುಮಾರು ಎರಡು ಪಟ್ಟಾಗುತ್ತದೆ, ಆದರೂ ಆರೋಗ್ಯವಂತರಲ್ಲಿ ಅದು ಸುಮಾರು 6,000ಕ್ಕೆ ಒಂದರಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿತು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಏಳಲಾಗದಿದ್ದರೆ ಹಿಮ್ಮಡಿ ಊರಿ ಬೆರಳೆತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು ಮಾಡಿ. ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಮೊದಲೊಮ್ಮೆ ಹೆಪ್ಪುಗಟ್ಟಿದ್ದವರು ವೈದ್ಯರ ಸಲಹೆ ಪಡೆದೇ ಹೊರಡಬೇಕು. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಇಳಿದ ಮೇಲೆ ತಡಮಾಡಬಾರದು.

ಸಿಬ್ಬಂದಿ ಕೆಲವೊಮ್ಮೆ ಏಕೆ ಕಟುವಾಗಿರುತ್ತಾರೆ?

ಅವರು ವಿಮಾನದಲ್ಲಿರುವುದು ಮೊದಲು ನಮ್ಮ ಸುರಕ್ಷತೆಗೆ, ಆಮೇಲೆ ಊಟ ಬಡಿಸಲು. 1930ರಲ್ಲಿ ಮೊದಲ ಗಗನಸಖಿಯಾಗಿ ಹಾರಿದ ಎಲೆನ್ ಚರ್ಚ್ ತರಬೇತಿ ಪಡೆದ ದಾದಿಯಾಗಿದ್ದರು. ಇಂದು ಪ್ರತಿ 50 ಸೀಟಿಗೆ ಕನಿಷ್ಠ ಒಬ್ಬರು ಸಿಬ್ಬಂದಿ ಇರಬೇಕು ಎಂಬ ಲೆಕ್ಕ ಬಂದಿರುವುದು ತುರ್ತು ನಿರ್ಗಮನಕ್ಕಾಗಿ. ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ 90 ಸೆಕೆಂಡಿನೊಳಗೆ ಎಲ್ಲರೂ ಹೊರಬರಬಹುದು ಎಂದು ತೋರಿಸಿದ ಮೇಲೆಯೇ ವಿಮಾನದ ಮಾದರಿಗೆ ಒಪ್ಪಿಗೆ ಸಿಗುವುದು. ಕಿಟಕಿಯ ಪರದೆ ಎತ್ತಿಸುವುದು ಹೊರಗೆ ಬೆಂಕಿಯಿದ್ದರೆ ಕಾಣಲೆಂದು, ದೀಪ ಮಂಕು ಮಾಡುವುದು ಕಣ್ಣು ಕತ್ತಲೆಗೆ ಒಗ್ಗಲೆಂದು, ಸೀಟು ನೇರ ಮಾಡಿಸುವುದು ಹಿಂದಿನವರ ದಾರಿ ಕಟ್ಟಬಾರದೆಂದು. ಇವುಗಳಲ್ಲಿ ಅವರು ಬಿಗಿಯಾಗಿದ್ದರೆ ಅದನ್ನು ಒರಟುತನ ಎನ್ನಲಾಗದು. ನೀರು ಕೇಳಿದವರಿಗೆ ಮುಖ ತಿರುಗಿಸುವುದು ಮಾತ್ರ ಒರಟುತನವೇ, ಅದನ್ನು ಹಾಗೆಂದೇ ಹೇಳಬೇಕು.

ಕರೆಗುಂಡಿ ಒತ್ತಲು ಸಂಕೋಚ ಬೇಡ, ಅದು ಇರುವುದೇ ಅದಕ್ಕೆ. ಏರುವಾಗ, ಇಳಿಯುವಾಗ, ವಿಮಾನ ಕುಲುಕುವಾಗ ಮಾತ್ರ ತುರ್ತಿದ್ದರಷ್ಟೇ ಒತ್ತಿ, ಏಕೆಂದರೆ ಆಗ ಅವರೂ ಬೆಲ್ಟ್ ಕಟ್ಟಿ ಕೂತಿರಬೇಕಾಗುತ್ತದೆ.

ಧೂಮಪಾನ ನಿಷೇಧವಿದ್ದರೂ ಶೌಚಾಲಯದಲ್ಲಿ ಬೂದಿಬಟ್ಟಲು ಏಕೆ?

ನಿಯಮವೇ ಅದನ್ನು ಕಡ್ಡಾಯ ಮಾಡಿದೆ. ಯಾರಾದರೂ ಕದ್ದು ಸೇದಿದರೆ ತುಂಡನ್ನು ಕಾಗದದ ಕಸದ ಡಬ್ಬಿಗೆ ಎಸೆದು ಬೆಂಕಿ ಹತ್ತಬಾರದು ಎಂಬುದಷ್ಟೇ ಕಾರಣ.

ಹೆಚ್ಚು ಹಣ ಕೊಟ್ಟು ಮೇಲಿನ ವರ್ಗದಲ್ಲಿ ಹೋಗುವುದು ಲಾಭವೇ?

ಹಗಲಿನ ಎರಡು ಮೂರು ಗಂಟೆಗೆ ಅಲ್ಲ. ರಾತ್ರಿಯಿಡೀ ಹಾರಿ, ಮರುದಿನ ಬೆಳಿಗ್ಗೆಯೇ ಕೆಲಸವಿದ್ದವರಿಗೆ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ನಿಜಕ್ಕೂ ಬೇರೆಯದೇ ಅನುಭವ. ನಡುವಿನ ಪ್ರೀಮಿಯಂ ಎಕಾನಮಿಯಲ್ಲಿ ಪಿಚ್ ಸುಮಾರು 38 ಇಂಚು ಇರುತ್ತದೆ; ಉದ್ದ ಕಾಲಿನವರಿಗೆ, ಬೆನ್ನುನೋವಿನವರಿಗೆ ಕೊಟ್ಟ ಹಣಕ್ಕೆ ಅಲ್ಲಿ ಬೆಲೆ ಸಿಗುತ್ತದೆ. ಗಾಳಿಯ ಒತ್ತಡ, ಒಣಹವೆ ಮಾತ್ರ ಎಲ್ಲ ವರ್ಗಕ್ಕೂ ಒಂದೇ.

ದೂರು ಕೊಟ್ಟರೆ ಪ್ರಯೋಜನವಿದೆಯೇ?

ಸರಿಯಾಗಿ ಕೊಟ್ಟರೆ ಇದೆ. ಸೀಟು ಒರಗುತ್ತಿಲ್ಲ, ಪರದೆ ಕೆಟ್ಟಿದೆ ಎಂಬಂಥವನ್ನು ಹಾರಾಟದಲ್ಲಿಯೇ ಸಿಬ್ಬಂದಿಗೆ ಹೇಳಿ. ಬೇರೆ ಸೀಟು ಖಾಲಿಯಿದ್ದರೆ ಕೊಡುತ್ತಾರೆ, ದೋಷವನ್ನು ದಾಖಲೆಗೂ ಸೇರಿಸುತ್ತಾರೆ. ಇಳಿದ ಮೇಲೆ ಬರೆಯುವುದಾದರೆ ವಿಮಾನದ ಸಂಖ್ಯೆ, ದಿನಾಂಕ, ಸೀಟಿನ ಸಂಖ್ಯೆ, ನಡೆದದ್ದು ಮತ್ತು ನೀವು ಕೇಳುವ ಪರಿಹಾರ ಇಷ್ಟೇ ಇರಲಿ. ಸಾಧ್ಯವಿದ್ದರೆ ಒಂದು ಚಿತ್ರ.

ಅಂತರರಾಷ್ಟ್ರೀಯ ಪ್ರಯಾಣದಲ್ಲಿ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸಿದರೆ, ಲಗೇಜು ಹಾಳಾಗಿದ್ದಾಗ ಅದು ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದಿದ್ದಾಗ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ವಿಮಾನದೊಳಗಿನ ಅಪಘಾತದಿಂದ ಮೈಗೆ ಗಾಯವಾದರೂ ಅದೇ ಒಪ್ಪಂದ ಸಂಸ್ಥೆಯನ್ನು ಹೊಣೆ ಮಾಡುತ್ತದೆ. ಟ್ರೇ ಮೇಲಿಟ್ಟ ಬಿಸಿ ಕಾಫಿ ಚೆಲ್ಲಿ ಮಗುವೊಂದಕ್ಕೆ ಸುಟ್ಟ ಪ್ರಕರಣದಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರಲ್ಲಿ ಅದನ್ನು ಅಪಘಾತವೆಂದೇ ಪರಿಗಣಿಸಿತು, ಹಾರಾಟಕ್ಕೇ ವಿಶಿಷ್ಟವಾದ ಅಪಾಯದಿಂದ ಅದು ಆಗಿರಬೇಕಿಲ್ಲ ಎಂದಿತು. ಬರೀ ಇರುಕು ಸೀಟಿಗೆ, ಸಪ್ಪೆ ಊಟಕ್ಕೆ ಆ ಒಪ್ಪಂದದಲ್ಲಿ ಪರಿಹಾರವಿಲ್ಲ. ಅಂಥದಕ್ಕೆ ಸಂಸ್ಥೆಯ ಗ್ರಾಹಕ ವಿಭಾಗವೇ ದಾರಿ.

ಒಳ್ಳೆಯ ಸೇವೆ ಸಿಕ್ಕಾಗಲೂ ಬರೆಯಬೇಕೇ?

ಖಂಡಿತ ಬರೆಯಬೇಕು, ಅದೂ ದೂರಿನಷ್ಟೇ ವಿವರದೊಂದಿಗೆ. ಮೇಲೆ ಹೇಳಿದ ಆ ಗಗನಸಖಿಯ ಬಗ್ಗೆ ನಾನು ಬರೆಯಲಿಲ್ಲ. ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಓದಿಕೊಳ್ಳಬೇಕೆಂದೂ ಹೊಳೆಯಲಿಲ್ಲ, ಅದಕ್ಕೆ ಈಗಲೂ ಬೇಸರವಿದೆ. ಈಗ ಇಳಿಯುವ ಮೊದಲು ಬೋರ್ಡಿಂಗ್ ಪಾಸಿನ ಹಿಂಬದಿಯಲ್ಲಿ ಆ ಹೆಸರನ್ನೂ ವಿಮಾನದ ಸಂಖ್ಯೆಯನ್ನೂ ಗುರುತು ಹಾಕಿಕೊಳ್ಳುತ್ತೇನೆ, ಮನೆ ಸೇರಿದ ದಿನವೇ ನಾಲ್ಕು ಸಾಲು ಬರೆದು ಕಳಿಸುತ್ತೇನೆ.